ಆರ್‌ಸಿ ವಿಮಾನದ ರೆಕ್ಕೆ ಎಷ್ಟುದ್ದ, ಎಷ್ಟಗಲ? ಮೊದಲು ತಕ್ಕಡಿ ತನ್ನಿ

ಮನೆಯಲ್ಲೇ ಆರ್‌ಸಿ ವಿಮಾನ (ರಿಮೋಟ್ ಹಿಡಿದು ಹಾರಿಸುವ ಪುಟ್ಟ ವಿಮಾನ) ಮಾಡಲು ಹೊರಟವರು ಕೇಳುವ ಮೊದಲ ಪ್ರಶ್ನೆ ಒಂದೇ: ರೆಕ್ಕೆ ಎಷ್ಟುದ್ದ ಇಡಲಿ? ಒಂದು ಮೀಟರ್ ಸಾಕಾ, ಒಂದೂವರೆ ಬೇಕಾ? ಇದಕ್ಕೆ ನೇರ ಉತ್ತರ ಇಲ್ಲ, ಯಾಕೆಂದರೆ ಉದ್ದ ಅನ್ನೋದು ಕೊನೆಗೆ ಬರುವ ಲೆಕ್ಕ. ಮೊದಲು ಭಾರ. ಆಮೇಲೆ ವಿಮಾನ ಎಷ್ಟು ನಿಧಾನವಾಗಿ ಹಾರಬೇಕು ಅನ್ನೋದು. ಅದರಿಂದ ವಿಸ್ತೀರ್ಣ, ವಿಸ್ತೀರ್ಣದಿಂದ ಅಗಲ (ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ). ಇಷ್ಟೂ ಗೊತ್ತಾದ ಮೇಲೆ ಉದ್ದ ತಾನಾಗೇ ಬಂದು ಕೂರುತ್ತದೆ.

ಹಾಗಾಗಿ ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ.

ನಮ್ಮಲ್ಲಿ ಕಾಲೇಜು ಹುಡುಗರಿಂದ ಹಿಡಿದು ಎಲ್ಲರೂ ಕೊಳ್ಳುವ ಸೆಟ್ ಹೆಚ್ಚು ಕಡಿಮೆ ಒಂದೇ: 2212 ಬ್ರಶ್‌ಲೆಸ್ ಮೋಟಾರ್ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ಹಿಡಿದಿಡುವ ಸರ್ಕ್ಯೂಟ್), 3 ಸೆಲ್‌ನ 2200 ಎಂಎಎಚ್ ಲಿಪೋ ಬ್ಯಾಟರಿ, 9 ಗ್ರಾಂ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ನಾಲ್ಕು, ಒಂದು ರಿಸೀವರ್, 10 ಇಂಚಿನ ಪ್ರೊಪೆಲ್ಲರ್. ತೂಗಿ ನೋಡಿ. ಬ್ಯಾಟರಿಯೇ ಸುಮಾರು 180 ಗ್ರಾಂ ಇರುತ್ತದೆ, ಮೋಟಾರ್ 60ರ ಹತ್ತಿರ, ಇಎಸ್‌ಸಿ 28, ಸರ್ವೋಗಳು 36, ಉಳಿದ ರಿಸೀವರ್, ವೈರು, ಪ್ರೊಪೆಲ್ಲರ್ ಎಲ್ಲ ಸೇರಿ 35ರಿಂದ 40. ಅಂದರೆ ಒಂದು ತುಂಡು ಫೋಮ್ ಕತ್ತರಿಸುವ ಮೊದಲೇ ಸುಮಾರು 340 ಗ್ರಾಂ ಲೆಕ್ಕಕ್ಕೆ ಬಂತು. ಫೋಮ್ ಬೋರ್ಡ್‌ನಲ್ಲಿ ಕಟ್ಟುವ ಸಾಮಾನ್ಯ ಟ್ರೈನರ್ (ಕಲಿಯುವವರ) ವಿಮಾನದಲ್ಲಿ ಎಲೆಕ್ಟ್ರಾನಿಕ್ಸ್‌ನಷ್ಟೇ ಭಾರ ಮೈಗೂ ಇರುತ್ತದೆ ಅಂತ ಹಿಡಿದುಕೊಂಡರೆ ದೊಡ್ಡ ತಪ್ಪೇನೂ ಆಗಲ್ಲ. ಒಟ್ಟು 700 ಗ್ರಾಂ ಅಂದುಕೊಳ್ಳೋಣ. ಈ ಮೋಟಾರ್, ಈ ಬ್ಯಾಟರಿ, 10×4.5 ಪ್ರೊಪೆಲ್ಲರ್ (10 ಇಂಚು ಉದ್ದ, ಒಂದು ಸುತ್ತಿಗೆ ಲೆಕ್ಕದಲ್ಲಿ 4.5 ಇಂಚು ಮುಂದೆ ಹೋಗುವಂಥದ್ದು) ಸೇರಿದರೆ ಸುಮಾರು 800 ಗ್ರಾಂ ಎಳೆತ ಸಿಗುತ್ತದೆ, ಹಾಗಾಗಿ ಶಕ್ತಿಯ ಚಿಂತೆ ಇಲ್ಲ.

ಈಗ ವಿಂಗ್ ಲೋಡಿಂಗ್. ಹೆಸರು ಕೇಳಿ ಗಾಬರಿ ಬೇಡ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಚೌಕ ರೆಕ್ಕೆ ಎಷ್ಟು ಗ್ರಾಂ ಹೊರಬೇಕು, ಅಷ್ಟೇ ಲೆಕ್ಕ. ಈ ಚೌಕವನ್ನೇ ಒಂದು ಚದರ ಡೆಸಿಮೀಟರ್ ಅನ್ನುವುದು. ಕಲಿಯುವವರಿಗೆ ಒಂದು ಚೌಕಕ್ಕೆ 25ರಿಂದ 35 ಗ್ರಾಂ ಚೆನ್ನಾಗಿರುತ್ತದೆ. 20ಕ್ಕಿಂತ ಕಡಿಮೆಯಾದರೆ ಒಳಾಂಗಣಕ್ಕೆ ಸರಿ, ಹೊರಗೆ ಸ್ವಲ್ಪ ಗಾಳಿ ಬಂದರೂ ಹೇಳಿದ ಮಾತು ಕೇಳಲ್ಲ. 40 ದಾಟಿದರೆ ಕೈಯಿಂದ ಎಸೆದು ಹಾರಿಸುವುದು ಕಷ್ಟವಾಗುತ್ತಾ ಹೋಗುತ್ತದೆ. 60 ಅಂದರೆ ಉದ್ದನೆಯ ರನ್‌ವೇ ಮತ್ತು ಪಳಗಿದ ಕೈ ಎರಡೂ ಬೇಕು.

ಈ ಅಂಕಿ ಯಾಕೆ ಇಷ್ಟು ಮುಖ್ಯ ಅಂದರೆ, ಸ್ಟಾಲ್ ವೇಗ ಇದರ ಮೇಲೇ ನಿಂತಿದೆ. ಯಾವ ವೇಗಕ್ಕಿಂತ ಕೆಳಗಿಳಿದರೆ ರೆಕ್ಕೆ ಎತ್ತುವುದನ್ನು ಬಿಟ್ಟುಬಿಡುತ್ತದೋ ಆ ವೇಗ. ಒಂದು ಸುಲಭ ಸೂತ್ರ ಇಟ್ಟುಕೊಳ್ಳಿ: ವಿಂಗ್ ಲೋಡಿಂಗ್‌ನ ವರ್ಗಮೂಲ ತೆಗೆದು 4.6ರಿಂದ ಗುಣಿಸಿ, ಸ್ಟಾಲ್ ವೇಗ ಗಂಟೆಗೆ ಇಷ್ಟು ಕಿ.ಮೀ. ಅಂತ ಬರುತ್ತದೆ. ಲೋಡಿಂಗ್ 29 ಇದ್ದರೆ ವರ್ಗಮೂಲ ಸುಮಾರು 5.4, ವೇಗ 25 ಕಿ.ಮೀ. ಲೋಡಿಂಗ್ 50 ಆದರೆ 32 ದಾಟುತ್ತದೆ. ಇಳಿಸುವಾಗ ಇದಕ್ಕಿಂತ ಕಾಲು ಭಾಗ ಜಾಸ್ತಿ ವೇಗದಲ್ಲಿ ಬರಬೇಕು, ಅಂದರೆ 25ರ ವಿಮಾನ 31ರಲ್ಲಿ, 32ರ ವಿಮಾನ 40ರಲ್ಲಿ. ನಿಮ್ಮೂರಿನ ಕ್ರಿಕೆಟ್ ಮೈದಾನದಲ್ಲಿ ಇವೆರಡರಲ್ಲಿ ಯಾವುದನ್ನು ಇಳಿಸಲು ಧೈರ್ಯ ಬರುತ್ತದೆ, ನೀವೇ ಯೋಚಿಸಿ.

ಅಂದಹಾಗೆ ಆ 4.6 ಬೆಂಗಳೂರಿನ ಲೆಕ್ಕ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಮಂಗಳೂರು, ಕಾರವಾರದ ಕಡೆಯವರು 4.4 ಹಾಕಿಕೊಳ್ಳಬಹುದು. ವ್ಯತ್ಯಾಸ ಸಣ್ಣದೇ, ಆದರೆ ಸಮುದ್ರಮಟ್ಟದ ಯಾವುದೋ ದೇಶದವರ ಪ್ಲಾನ್ ಇಳಿಸಿಕೊಂಡು ಅದೇ ಅಳತೆಯಲ್ಲಿ ಇಲ್ಲಿ ಕಟ್ಟಿದಾಗ ವಿಮಾನ ಸ್ವಲ್ಪ ಜೋರಾಗೇ ಇಳಿಯುತ್ತದಲ್ಲ, ಕಾರಣಗಳಲ್ಲಿ ಇದೂ ಒಂದು.

700 ಗ್ರಾಂ, ಚೌಕಕ್ಕೆ 29 ಗ್ರಾಂ. ಭಾಗಿಸಿದರೆ ಸುಮಾರು 24 ಚೌಕ, ಅಂದರೆ 2400 ಚದರ ಸೆಂ.ಮೀ. ವಿಸ್ತೀರ್ಣ ಸಿಕ್ಕಿತು. ಇದನ್ನು ಉದ್ದ ಅಗಲವಾಗಿ ಹೇಗೆ ಹಂಚುವುದು? ಹೆಚ್ಚಿನವರು ಎಡವುವುದು ಇಲ್ಲೇ. 120×20 ಮಾಡಬಹುದು, 160×15 ಮಾಡಬಹುದು, 98×24.5 ಕೂಡ ಮಾಡಬಹುದು, ಮೂರೂ ಅಷ್ಟೇ ವಿಸ್ತೀರ್ಣ. ಉದ್ದವನ್ನು ಅಗಲದಿಂದ ಭಾಗಿಸಿದರೆ ಬರುವುದು ಆಸ್ಪೆಕ್ಟ್ ರೇಷಿಯೋ: ಕ್ರಮವಾಗಿ 6, 10.7, 4.

ಉದ್ದ, ಕಿರಿದಾದ ರೆಕ್ಕೆ ನೋಡಲು ಚಂದ, ಗ್ಲೈಡರ್‌ಗಳೆಲ್ಲ ಹಾಗೇ ಇರುತ್ತವೆ, ದೊಡ್ಡ ವಿಮಾನದಲ್ಲಿ ಅದರಿಂದ ಗಾಳಿಯ ತಡೆ ಕಡಿಮೆಯಾಗುವುದೂ ನಿಜ. ಆದರೆ ನಮ್ಮ ಅಳತೆಯಲ್ಲಿ ಇನ್ನೊಂದು ತೊಂದರೆ ಅಡ್ಡ ಬರುತ್ತದೆ. ರೆನಾಲ್ಡ್ಸ್ ಸಂಖ್ಯೆ ಅಂತ ಒಂದಿದೆ. ವೇಗ ಮತ್ತು ರೆಕ್ಕೆಯ ಅಗಲ ಕಡಿಮೆಯಾದಷ್ಟೂ ಅದು ಇಳಿಯುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 20 ಸೆಂ.ಮೀ. ಅಗಲದ ರೆಕ್ಕೆಗೆ ಅದು ಸುಮಾರು 1.2 ಲಕ್ಷ, 15 ಸೆಂ.ಮೀ. ರೆಕ್ಕೆಗೆ 90 ಸಾವಿರ. ಒಂದು ಲಕ್ಷದಿಂದ ಕೆಳಗೆ ಹೋಗುತ್ತಿದ್ದ ಹಾಗೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುವ ಬದಲು ಬೇಗ ಬಿಟ್ಟುಹೋಗುತ್ತದೆ. ಎತ್ತುವ ಬಲ ಕಡಿಮೆ, ಗಾಳಿಯ ತಡೆ ಜಾಸ್ತಿ. ಕಿರಿದು ಮಾಡಿ ಉಳಿಸಿದ್ದನ್ನು ಇಲ್ಲಿ ಕಳೆದುಕೊಂಡಂತಾಯಿತು.

ಗಟ್ಟಿತನದ ವಿಷಯ ಇನ್ನೂ ಕಟು. 160 ಸೆಂ.ಮೀ. ರೆಕ್ಕೆಯ ನಡುಮಧ್ಯದಲ್ಲಿ ಬಾಗಿಸುವ ಬಲ 120ಕ್ಕೆ ಹೋಲಿಸಿದರೆ ಮೂರನೇ ಒಂದು ಭಾಗ ಜಾಸ್ತಿ. ಅದೇ ಹೊತ್ತಿಗೆ ರೆಕ್ಕೆಯ ದಪ್ಪ 2.4 ಸೆಂ.ಮೀ.ಯಿಂದ 1.8ಕ್ಕೆ ಇಳಿಯಿತು, ಒಳಗೆ ಉದ್ದಕ್ಕೂ ಹೋಗುವ ತೊಲೆ, ಅಂದರೆ ಸ್ಪಾರ್‌ಗೆ ಜಾಗವೇ ಇಲ್ಲ. ಜಾಸ್ತಿ ಕೆಲಸ, ಕಡಿಮೆ ಎತ್ತರ. ಮೂಗೆತ್ತಲು ಕಡ್ಡಿ ಎಳೆದ ಕೂಡಲೇ ರೆಕ್ಕೆ ಮೇಲಕ್ಕೆ ಮಡಚಿ ಚಪ್ಪಾಳೆ ತಟ್ಟುವುದು ಇಂಥ ವಿಮಾನಗಳಲ್ಲೇ.

ಇತ್ತ 98 ಸೆಂ.ಮೀ.ಯ ಗಿಡ್ಡ ರೆಕ್ಕೆ ಗಟ್ಟಿ, ಬಸ್ಸಿನಲ್ಲೂ ಒಯ್ಯಬಹುದು, ಆದರೆ ಚುರುಕಾಗಿ ಉರುಳುತ್ತದೆ. ಪಲ್ಟಿ ಹೊಡೆಸುವವರಿಗೆ ಅದು ಖುಷಿ, ಕಲಿಯುವವರಿಗೆ ಅಲ್ಲ. ಟ್ರೈನರ್‌ಗೆ ಆಸ್ಪೆಕ್ಟ್ ರೇಷಿಯೋ 5ರಿಂದ 7ರ ನಡುವೆ ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ. ನನ್ನ ಮಾತು ಕೇಳುವುದಾದರೆ, ಅನುಮಾನ ಬಂದಾಗಲೆಲ್ಲ ಅಗಲಕ್ಕೆ ಕೊಡಿ, ಉದ್ದಕ್ಕಲ್ಲ. 18 ಸೆಂ.ಮೀ.ಗಿಂತ ಕಿರಿದಾದ ರೆಕ್ಕೆ ಮೊದಲ ವಿಮಾನಕ್ಕೆ ಬೇಡವೇ ಬೇಡ.

120×20ಕ್ಕೆ ಇನ್ನೊಂದು ಅನುಕೂಲ ಇದೆ, ಅದು ಗಾಳಿಗೆ ಸಂಬಂಧಪಟ್ಟದ್ದಲ್ಲ, ಹಾಳೆಗೆ ಸಂಬಂಧಪಟ್ಟದ್ದು. ಎ1 ಅಳತೆಯ ಹಾಳೆ 84.1×59.4 ಸೆಂ.ಮೀ. ಇರುತ್ತದೆ. ಫೋಮ್ ಬೋರ್ಡನ್ನು ಮುಂದಿನ ಅಂಚಿನಲ್ಲಿ ಮಡಚಿ ರೆಕ್ಕೆ ಮಾಡುವಾಗ ಕೆಳಗೆ 20, ಮೇಲೆ ಉಬ್ಬಿಗೆ ಸೇರಿ 21, ಮಡಿಕೆಗೆ ಒಂದು, ಹೀಗೆ 42 ಸೆಂ.ಮೀ. ಬೇಕು. 84ರಲ್ಲಿ ಎರಡು 42. ಅಂದರೆ ಒಂದೇ ಹಾಳೆಯಲ್ಲಿ ಎಡ ಬಲ ಎರಡೂ ಅರ್ಧ ಬಂದವು, ಒಂದೊಂದೂ 59.4 ಉದ್ದ, ಜೋಡಿಸಿದರೆ 118.8. ಚೂರೂ ವ್ಯರ್ಥ ಇಲ್ಲ. ಲೆಕ್ಕದಲ್ಲಿ 120 ಬಂತು ಅಂತ ಆ 1.2 ಸೆಂ.ಮೀ.ಗೋಸ್ಕರ ಇನ್ನೊಂದು ಹಾಳೆ ಕೊಳ್ಳಬೇಡಿ, ವಿಸ್ತೀರ್ಣ 23.8 ಚೌಕ ಆಗುತ್ತದೆ, ವಿಮಾನಕ್ಕೆ ಗೊತ್ತೂ ಆಗಲ್ಲ.

ಹಾಳೆ ಕೊಳ್ಳುವಾಗ ಮಾತ್ರ ಎಚ್ಚರ. ಅಂಗಡಿಯಲ್ಲಿ ಫೋಮ್ ಬೋರ್ಡ್ ಅಂತ ಕೊಡುವುದೆಲ್ಲ ಒಂದೇ ತೂಕ ಇರಲ್ಲ. ಒಂದು ತುಂಡು ಕೇಳಿ ತಂದು, 10×10 ಚೌಕ ಕತ್ತರಿಸಿ ತೂಗಿ. 4 ಗ್ರಾಂ ಬಂದರೆ ಚದರ ಮೀಟರಿಗೆ 400 ಗ್ರಾಂ. ಎ1 ಹಾಳೆ ಅರ್ಧ ಚದರ ಮೀಟರ್, ಹಾಗಾಗಿ ರೆಕ್ಕೆಗೆ 200 ಗ್ರಾಂ. ಇದು ಸರಿ. ಸ್ಪಾರ್, ಅಂಟು ಅಂತ 40 ಸೇರಿಸಿ, ಮೈ ಮತ್ತು ಬಾಲಕ್ಕೆ 120, ಒಟ್ಟು 360. ನಮ್ಮ 700ರೊಳಗೆ ಕೂತಿತು. ಅದೇ ತುಂಡು 7 ಗ್ರಾಂ ಬಂದರೆ ರೆಕ್ಕೆಯೇ 350, ಆಗ ಇಡೀ ಲೆಕ್ಕ ಮೊದಲಿಂದ ಮಾಡಬೇಕು. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಸನ್‌ಬೋರ್ಡ್ ಅಂತೂ ಮುಟ್ಟಬೇಡಿ. 3 ಮಿ.ಮೀ. ದಪ್ಪದ್ದೇ ಚೌಕಕ್ಕೆ 15 ಗ್ರಾಂ ಹತ್ತಿರ ಬರುತ್ತದೆ, ರೆಕ್ಕೆ ಒಂದೇ ಮುಕ್ಕಾಲು ಕೆಜಿ.

ದಪ್ಪ ಎಷ್ಟಿರಬೇಕು? ಅಗಲದ ಶೇ 12 ಸಾಕು. 1922ರಲ್ಲಿ ಬಂದ ಕ್ಲಾರ್ಕ್ ವೈ ಅನ್ನುವ ರೆಕ್ಕೆಯ ಅಡ್ಡಕೊಯ್ತದ ಆಕಾರ ಶೇ 11.7 ದಪ್ಪದ್ದು, ಕೆಳಭಾಗ ಬಹುಪಾಲು ಚಪ್ಪಟೆ, ಮೇಜಿನ ಮೇಲೆ ಇಟ್ಟು ಕಟ್ಟಬಹುದು. ಅದಕ್ಕೇ ನೂರು ವರ್ಷ ಆದರೂ ಟ್ರೈನರ್ ಕಟ್ಟುವವರು ಅದನ್ನು ಬಿಟ್ಟಿಲ್ಲ. 5 ಮಿ.ಮೀ. ಹಾಳೆಯ ಮೂರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದರೆ 15 ಮಿ.ಮೀ. ಎತ್ತರದ ಸ್ಪಾರ್ ಆಯಿತು. ಮೇಲೊಂದು ಹಾಳೆ, ಕೆಳಗೊಂದು ಹಾಳೆ, ಒಟ್ಟು 25 ಮಿ.ಮೀ. 20 ಸೆಂ.ಮೀ.ಗೆ ಇದು ಶೇ 12.5. ಸ್ಪಾರ್ ಮುಂದಿನ ಅಂಚಿನಿಂದ 6 ಸೆಂ.ಮೀ. ಹಿಂದೆ ಇರಲಿ, ರೆಕ್ಕೆ ಅತಿ ದಪ್ಪ ಇರಬೇಕಾದ್ದು ಅಲ್ಲೇ. ನಡುವಿನ ಜೋಡಣೆಗೆ 6 ಮಿ.ಮೀ. ಕಾರ್ಬನ್ ಕೊಳವೆ ಹಾಕಿದರೆ ನೆಮ್ಮದಿ.

ಮೇಲಿಂದ ನೋಡಿದರೆ ರೆಕ್ಕೆ ಆಯತವೇ ಇರಲಿ. ಯುದ್ಧವಿಮಾನದ ಹಾಗೆ ತುದಿ ಕಿರಿದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಆದರೆ ತುದಿಯ ಅಗಲ ಬುಡದ ಅರ್ಧಕ್ಕಿಂತ ಕಡಿಮೆಯಾದರೆ, ಆಗಲೇ ಹೇಳಿದ ರೆನಾಲ್ಡ್ಸ್ ಸಂಖ್ಯೆ ತುದಿಯಲ್ಲಿ ಇನ್ನೂ ಬಿದ್ದುಹೋಗಿ, ಸ್ಟಾಲ್ ತುದಿಯಿಂದ ಶುರುವಾಗುತ್ತದೆ. ಒಂದು ಕಡೆಯ ತುದಿ ಮೊದಲು ಸೋತರೆ ವಿಮಾನ ಆ ಕಡೆಗೆ ದಬಕ್ಕನೆ ಮಗುಚುತ್ತದೆ, ಇಳಿಸುವ ಹೊತ್ತಲ್ಲಿ ಹಾಗಾದರೆ ಸರಿಪಡಿಸಲು ಎತ್ತರವೇ ಇರಲ್ಲ. ಕಿರಿದು ಮಾಡಲೇಬೇಕು ಅಂದರೆ ತುದಿಯ ಹಿಂದಿನ ಅಂಚು 2–3 ಡಿಗ್ರಿ ಮೇಲಕ್ಕೆ ಬರುವ ಹಾಗೆ ರೆಕ್ಕೆಯನ್ನು ತಿರುಚಿ. ಆಯತದ ರೆಕ್ಕೆಗೆ ಈ ರಗಳೆ ಯಾವುದೂ ಇಲ್ಲ, ಅದು ಬುಡದಿಂದಲೇ ಸ್ಟಾಲ್ ಆಗುತ್ತದೆ, ಮೂಗು ಬಗ್ಗಿಸಿ ಮತ್ತೆ ಹಾರುತ್ತದೆ.

ರೆಕ್ಕೆ ತುದಿಗಳನ್ನು ಎಷ್ಟು ಎತ್ತಬೇಕು ಅನ್ನುವುದು ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಇದೆಯೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ. ಏಲೆರಾನ್ ಇಲ್ಲದೆ ಬರೀ ನೆಟ್ಟಗಿನ ಬಾಲದಲ್ಲಿ ಆಡುವ ಪಟ್ಟಿ, ಅಂದರೆ ರಡ್ಡರ್‌ನಲ್ಲಿ ತಿರುಗಿಸುವುದಾದರೆ ಒಂದೊಂದು ಕಡೆ 5 ಡಿಗ್ರಿ, ಅಂದರೆ ತುದಿ ಸುಮಾರು 5 ಸೆಂ.ಮೀ. ಮೇಲೆ. ಏಲೆರಾನ್ ಇದ್ದರೆ 2 ಡಿಗ್ರಿ, 2 ಸೆಂ.ಮೀ. ಸಾಕು. ಏಲೆರಾನ್‌ನ ಅಳತೆ: ಹೊರಗಿನ ಅರ್ಧದಲ್ಲಿ 28 ಸೆಂ.ಮೀ. ಉದ್ದ, 4.5 ಅಗಲ. ಮೈ ಮೇಲೆ ಕೂರಿಸುವಾಗ ಮುಂದಿನ ಅಂಚು ಹಿಂದಿನದಕ್ಕಿಂತ 7 ಮಿ.ಮೀ. ಎತ್ತರ ಇರಲಿ, ಅದು 2 ಡಿಗ್ರಿ ಆಗುತ್ತದೆ.

ಬಾಲವೂ ರೆಕ್ಕೆಯ ಲೆಕ್ಕಕ್ಕೇ ಸೇರಿದ್ದು. ಅಡ್ಡ ಬಾಲ ರೆಕ್ಕೆಯ ವಿಸ್ತೀರ್ಣದ ಐದನೇ ಒಂದು ಭಾಗ, ಅಂದರೆ 40×12 ಸೆಂ.ಮೀ. ನೆಟ್ಟಗಿನದು ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, 16×13. ರೆಕ್ಕೆಯ ಕಾಲು ಭಾಗದ ಗೆರೆಯಿಂದ (ಮುಂದಿನ ಅಂಚಿನಿಂದ ಅಗಲದ ಕಾಲು ಭಾಗ ಹಿಂದೆ) ಬಾಲದ ಕಾಲು ಭಾಗದ ಗೆರೆಗೆ 55 ಸೆಂ.ಮೀ. ದೂರ ಬಿಡಿ. ಮೈ ಗಿಡ್ಡ ಮಾಡಿದರೆ ಬಾಲ ದೊಡ್ಡದು ಮಾಡಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಸಿಜಿ, ಅಂದರೆ ಬೆರಳ ಮೇಲೆ ಇಟ್ಟರೆ ವಿಮಾನ ಸಮವಾಗಿ ನಿಲ್ಲುವ ಜಾಗ, ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಒಳಗೆ ಬರಬೇಕು, ಮೊದಲ ಹಾರಾಟಕ್ಕೆ 5ರಲ್ಲೇ ಇಡಿ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ.

ಬೇರೆಯವರ ಪ್ಲಾನನ್ನು ದೊಡ್ಡದು ಮಾಡಿ ಕಟ್ಟುವವರಿಗೆ ಒಂದು ಮಾತು. ಎಲ್ಲ ಅಳತೆ, ಹಾಳೆಯ ದಪ್ಪವೂ ಸೇರಿ, ಒಂದೂವರೆ ಪಟ್ಟು ಮಾಡಿದರೆ ವಿಸ್ತೀರ್ಣ 2.25 ಪಟ್ಟು ಆಗುತ್ತದೆ, ಭಾರ ಮಾತ್ರ 3.4 ಪಟ್ಟು. ಲೋಡಿಂಗ್ ಒಂದೂವರೆ ಪಟ್ಟು ಏರಿತು. ದೊಡ್ಡ ವಿಮಾನಕ್ಕೆ ಅದು ಸಹಜವೇ, ಅದು ವೇಗವಾಗಿ ಹಾರುತ್ತದೆ ಅಷ್ಟೇ, ಆದರೆ ಸುಮ್ನೆ ಜೆರಾಕ್ಸ್ ದೊಡ್ಡದು ಮಾಡಿದ ಹಾಗೆ ಅಂದುಕೊಂಡು ಅದೇ ಮೈದಾನಕ್ಕೆ ಒಯ್ಯಬೇಡಿ.

ಎಲ್ಲ ಕಟ್ಟಿದ ಮೇಲೆ ಬ್ಯಾಟರಿ ಸಮೇತ ಇನ್ನೊಮ್ಮೆ ತೂಗಿ. 700 ಅಂದುಕೊಂಡದ್ದು 800 ಬರುವುದು ಮಾಮೂಲಿ. 23.8 ಚೌಕಕ್ಕೆ 33.6 ಗ್ರಾಂ, ಸ್ಟಾಲ್ 27 ಕಿ.ಮೀ. ಹತ್ತಿರ, ಹಾರಿಸಬಹುದು. 950 ಬಂದರೆ ಲೋಡಿಂಗ್ 40 ಮುಟ್ಟುತ್ತದೆ. ಆಗ ಮೊದಲು ಬ್ಯಾಟರಿ ಚಿಕ್ಕದು ಮಾಡಿ, 1500 ಎಂಎಎಚ್ ಹಾಕಿದರೆ 50 ಗ್ರಾಂ ಮೇಲೆ ಉಳಿಯುತ್ತದೆ. ಅದೂ ಸಾಲದಿದ್ದರೆ ಹೊಸ ರೆಕ್ಕೆ, ಅಗಲ 23 ಇಟ್ಟು. ರೆಕ್ಕೆಯನ್ನು ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟುವ ಹಾಗೆ ಮಾಡಿದ್ದರೆ ಇದು ಒಂದು ಸಂಜೆಯ ಕೆಲಸ.

ಹಾರಿಸುವ ಜಾಗ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಎಲ್ಲಿ ಅನುಮತಿ ಬೇಕು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರಿ ಡ್ರೋನ್ ನಕ್ಷೆ) ಯಾವ ಬಣ್ಣದಲ್ಲಿದೆ ಅಂತ ಮೊದಲು ನೋಡಿಕೊಳ್ಳಿ, ಬೆಂಗಳೂರಿನವರು ಜಕ್ಕೂರು, ಯಲಹಂಕ, ಎಚ್‌ಎಎಲ್ ವಿಮಾನ ನೆಲೆಗಳ ಸುತ್ತಮುತ್ತ ವಿಶೇಷವಾಗಿ. ಇನ್ನು ಆಷಾಢದ ಗಾಳಿಯಲ್ಲಿ ಈ ವಿಮಾನ ತೆಗೆಯಬೇಡಿ. 25 ಕಿ.ಮೀ.ಯಲ್ಲಿ ಸ್ಟಾಲ್ ಆಗುವ ರೆಕ್ಕೆ ಗಂಟೆಗೆ 35 ಕಿ.ಮೀ. ಬೀಸುವ ಗಾಳಿಗೆ ಎದುರು ಹೋದರೆ ನಿಂತಲ್ಲೇ ನಿಲ್ಲುತ್ತದೆ, ತಿರುಗಿದರೆ ಪಕ್ಕದೂರಿಗೇ ಹೋಗುತ್ತದೆ. ಆ ತಿಂಗಳುಗಳಲ್ಲಿ ಹಾರಿಸಲೇಬೇಕು ಅಂದರೆ ಲೋಡಿಂಗ್ 40ರ ಸುಮಾರಿಗೆ ಬರುವ ಇನ್ನೊಂದು ರೆಕ್ಕೆಯನ್ನು, 100×18 ಅಳತೆಯಲ್ಲಿ, ಅದೇ ಮೈಗೆ ಮಾಡಿಟ್ಟುಕೊಳ್ಳಿ. ಸಿಜಿಯನ್ನು ಹೊಸ ಅಗಲಕ್ಕೆ ತಕ್ಕಂತೆ 4.5 ಸೆಂ.ಮೀ.ಗೆ ತನ್ನಿ.