ಉಳಿದ ಮೂಳೆಗಳಿಂದ ಕೋಳಿ ಸ್ಟಾಕ್: ನಮ್ಮ ಅಡುಗೆಮನೆಯ ಕ್ರಮ

ಕೋಳಿ ಸ್ಟಾಕ್, ಅಂದರೆ ಮೂಳೆಗಳನ್ನು ನೀರಿನಲ್ಲಿ ಬೇಯಿಸಿ ಸೋಸಿದ ರಸ, ಮಾಡುವುದನ್ನು ಹೇಳಿಕೊಡುವ ಪಾಶ್ಚಾತ್ಯ ಪಾಕವಿಧಿಗಳು ಸಾಮಾನ್ಯವಾಗಿ ಹಿಂದಿನ ದಿನ ಓವನ್‌ನಲ್ಲಿ ಸುಟ್ಟು ತಿಂದು ಮುಗಿಸಿದ ಇಡೀ ಕೋಳಿಯ ಎಲುಬಿನ ಗೂಡಿನಿಂದ ಆರಂಭವಾಗುತ್ತವೆ. ನಮ್ಮ ಮನೆಗಳಲ್ಲಿ ಅಂಥ ಗೂಡು ಉಳಿಯುವುದೇ ಅಪರೂಪ. ಕೋಳಿಯನ್ನು ಮೂಳೆಸಮೇತ ತುಂಡು ಮಾಡಿ, ಅರಿಶಿನ, ಖಾರದಪುಡಿ, ತೆಂಗಿನಕಾಯಿ ಮಸಾಲೆಯಲ್ಲಿ ಬೇಯಿಸಿ ಸಾರು ಮಾಡುತ್ತೇವೆ. ಕೊನೆಗೆ ತಟ್ಟೆಯ ಅಂಚಿನಲ್ಲಿ ಉಳಿಯುವ ಮೂಳೆಗೆ ಮಸಾಲೆಯೂ ಅಂಟಿರುತ್ತದೆ, ಅದು ಎಂಜಲೂ ಆಗಿರುತ್ತದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ ಎಂಬ ವಾದ ನನಗೆ ತಿಳಿಯದ್ದೇನಲ್ಲ, ಆದರೆ ಎಂಜಲಿನ ವಿಷಯದಲ್ಲಿ ನಮ್ಮ ಮನೆಯ ಹಿರಿಯರ ಮುಂದೆ ಆ ವಾದ ನಿಲ್ಲುವುದಿಲ್ಲ. ಹೀಗಾಗಿ ಸ್ಟಾಕಿಗೆ ಬೇಕಾದುದನ್ನು ನಾನು ಮಸಾಲೆ ಬೀಳುವುದಕ್ಕೆ ಮುಂಚೆಯೇ ತೆಗೆದಿರಿಸುತ್ತೇನೆ.

ಕೋಳಿ ತರುವಾಗ ಎದೆಯ ಮಾಂಸವನ್ನು ಬಿಡಿಸಿಕೊಡಲು ಅಂಗಡಿಯವರಿಗೆ ಹೇಳಿ, ಉಳಿಯುವ ಎದೆಗೂಡು, ಬೆನ್ನುಮೂಳೆ, ಕತ್ತು ಮತ್ತು ರೆಕ್ಕೆಯ ತುದಿಗಳನ್ನು ಬೇರೆ ಕವರಿಗೆ ಹಾಕಿಸಿಕೊಳ್ಳುತ್ತೇನೆ. ಸಾರಿಗೆ ತುಂಡು ಮಾಡಿಸಿದ ದಿನವೂ ಮಾಂಸವಿಲ್ಲದ ಮೂಳೆಯ ಚೂರುಗಳನ್ನು ಆರಿಸಿ ಇಡುವುದುಂಟು. ಇವೆಲ್ಲವೂ ಫ್ರೀಜರಿನಲ್ಲಿ ಒಂದೇ ಚೀಲಕ್ಕೆ ಸೇರುತ್ತಾ ಹೋಗಿ, ಸುಮಾರು ಒಂದು ಕಿಲೋ ಆದಾಗ ಒಲೆ ಹಚ್ಚುತ್ತೇನೆ. ಇವುಗಳ ಜೊತೆಗೆ ನಾನು ತಪ್ಪದೆ ಕೇಳಿ ಪಡೆಯುವುದು ಕೋಳಿಯ ಕಾಲುಗಳನ್ನು. ಅನೇಕರು ಬೇಡವೆಂದು ಅಂಗಡಿಯಲ್ಲೇ ಬಿಟ್ಟು ಬರುವ ಈ ಕಾಲುಗಳಲ್ಲಿ ಮಾಂಸವೆಂಬುದು ಇಲ್ಲ. ಇರುವುದೆಲ್ಲ ಚರ್ಮ, ನರ ಮತ್ತು ಕೀಲುಗಳು. ಸ್ಟಾಕಿಗೆ ಮೈಕಟ್ಟು ಕೊಡುವ ಕೊಲಾಜನ್ ಎಂಬ ಪ್ರೋಟೀನ್ ಹೇರಳವಾಗಿರುವುದು ಈ ಭಾಗಗಳಲ್ಲಿಯೇ. ಕಾಲುಗಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ಹಳದಿ ಪೊರೆ ಕಾಲುಚೀಲದಂತೆ ಸುಲಿದು ಬರುತ್ತದೆ. ಉಗುರುಗಳನ್ನು ಕತ್ತರಿಸಿ ಹಾಕಿದರೆ ಅವು ಸಿದ್ಧ. ಹೆಚ್ಚು ಹೊತ್ತು ಅದ್ದಿದರೆ ಪೊರೆ ಚರ್ಮಕ್ಕೆ ಕಚ್ಚಿಕೊಂಡು ಸುಲಿಯುವುದು ಕಷ್ಟವಾಗುತ್ತದೆ. ಲಿವರನ್ನು ಮಾತ್ರ ಸ್ಟಾಕಿಗೆ ಸೇರಿಸುವುದಿಲ್ಲ, ಅದರಿಂದ ಕಹಿಯ ಛಾಯೆ ಬರುತ್ತದೆ, ನೀರೂ ಕದಡುತ್ತದೆ.

ಗ್ರಿಲ್ ಮಾಡಿದ ಇಡೀ ಕೋಳಿಯನ್ನು ಹೊರಗಿನಿಂದ ತರಿಸಿದ ದಿನ ಮಾಂಸವನ್ನು ಬಡಿಸುವ ಮೊದಲೇ ಬಿಡಿಸಿಟ್ಟುಕೊಂಡರೆ ಆ ಗೂಡನ್ನೂ ಬಳಸಬಹುದು. ಸುಟ್ಟ ಮೂಳೆಯಿಂದ ಬರುವ ಸ್ಟಾಕಿಗೆ ಹಸಿ ಮೂಳೆಯದಕ್ಕಿಂತ ಗಾಢವಾದ ಬಣ್ಣ ಮತ್ತು ಹುರಿದ ಘಮ ಇರುತ್ತದೆ. ಅದರಲ್ಲಿ ಉಪ್ಪು ಮೊದಲೇ ಸೇರಿರುವುದನ್ನು ಮಾತ್ರ ಮರೆಯಬಾರದು. ಕೆಂಪು ಬಣ್ಣ ಹಾಕಿದ ಕಬಾಬಿನ ಮೂಳೆಗಳು ಈ ಕೆಲಸಕ್ಕೆ ಬಾರವು.

ನಮಗೆ ಸಿಗುವ ಬ್ರಾಯ್ಲರ್ ಕೋಳಿಗಳನ್ನು ಐದಾರು ವಾರಗಳಲ್ಲೇ ಬೆಳೆಸಿ ಮಾರುವುದರಿಂದ ಅವುಗಳ ಕೀಲುಗಳು ಇನ್ನೂ ಎಳೆಯವಾಗಿರುತ್ತವೆ. ಸ್ಟಾಕ್ ಬೇಗನೆ ಗಟ್ಟಿಯಾಗುತ್ತದೆ, ಆದರೆ ರುಚಿ ಸಪ್ಪೆ. ನಾಟಿ ಕೋಳಿಯ ಅಥವಾ ಮೊಟ್ಟೆ ನಿಂತ ಮೇಲೆ ಮಾರುವ ಫಾರಂ ಕೋಳಿಯ ಮೂಳೆಗಳು ಸಿಕ್ಕರೆ ಹೊತ್ತು ಹೆಚ್ಚು ಹಿಡಿದರೂ ರುಚಿಯೇ ಬೇರೆ. ಎರಡನ್ನೂ ಬೆರೆಸುವುದು ನನಗೆ ಒಗ್ಗಿದ ದಾರಿ.

ಒಂದು ಕಿಲೋ ಮೂಳೆಗೆ ಸುಮಾರು ಎರಡು ಲೀಟರ್ ತಣ್ಣೀರು ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ತಣ್ಣೀರಿನಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ನೀರು ನಿಧಾನವಾಗಿ ಬಿಸಿಯಾಗುವಾಗ ಮೂಳೆಯಲ್ಲಿರುವ ರಕ್ತ ಮತ್ತು ನೀರಿನಲ್ಲಿ ಕರಗುವ ಪ್ರೋಟೀನುಗಳು ಹೊರಬಂದು, ಹೆಪ್ಪುಗಟ್ಟಿ, ಬೂದು ಬಣ್ಣದ ನೊರೆಯಾಗಿ ಮೇಲೆ ತೇಲುತ್ತವೆ. ಆಗ ಅದನ್ನು ಸೌಟಿನಿಂದ ಸುಲಭವಾಗಿ ತೆಗೆದುಹಾಕಬಹುದು. ಮೊದಲ ಇಪ್ಪತ್ತು ನಿಮಿಷ ಒಲೆಯ ಪಕ್ಕದಲ್ಲೇ ನಿಂತು ಈ ನೊರೆ ತೆಗೆಯುವುದೊಂದೇ ಇಡೀ ಕೆಲಸದಲ್ಲಿ ನಮ್ಮ ಗಮನ ಬೇಡುವ ಘಟ್ಟ. ಆಮೇಲೆ ನೀರು ತಳಮಳ ಕುದಿಯಬಾರದು. ಅಂಚಿನಲ್ಲಿ ಆಗೊಂದು ಈಗೊಂದು ಗುಳ್ಳೆ ಏಳುವಷ್ಟು, ಅಂದರೆ 85ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ, ಶಾಖವಿದ್ದರೆ ಸಾಕು. ಜೋರಾಗಿ ಕುದಿಸಿದಾಗ ಮೇಲಿನ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆತುಹೋಗುತ್ತದೆ, ಸ್ಟಾಕ್ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತದೆ, ಬಾಯಲ್ಲಿ ಜಿಡ್ಡು ಉಳಿಯುತ್ತದೆ. ಹೀಗೆ ಮೂರರಿಂದ ನಾಲ್ಕು ಗಂಟೆ ಬೆಂದರೆ ಕೊಲಾಜನ್ ಕರಗಿ, ತಣಿದಾಗ ಸ್ಟಾಕನ್ನು ಜೆಲ್ಲಿಯಂತೆ ಗಟ್ಟಿಯಾಗಿಸುವ ಜೆಲಾಟಿನ್ ಆಗುತ್ತದೆ.

ಗ್ಯಾಸ್ ಉಳಿಸಬೇಕಾದ ದಿನಗಳಲ್ಲಿ, ಎಂದರೆ ಹೆಚ್ಚಿನ ದಿನಗಳಲ್ಲಿ, ಕುಕ್ಕರನ್ನೇ ಬಳಸುತ್ತೇನೆ. ಒತ್ತಡದಲ್ಲಿ ನೀರಿನ ಶಾಖ ಸುಮಾರು 120 ಡಿಗ್ರಿಗೆ ಏರುವುದರಿಂದ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಅದೇ ಕೆಲಸ ಮುಗಿಯುತ್ತದೆ, ಮತ್ತು ಆವಿ ಕಡಿಮೆ ಹೋಗುವುದರಿಂದ ಒಂದೂವರೆ ಲೀಟರ್ ನೀರು ಸಾಲುತ್ತದೆ. ಇಲ್ಲಿಯೂ ನೊರೆ ತೆಗೆದ ನಂತರವೇ ಮುಚ್ಚಳ ಹಾಕಬೇಕು. ಮೊದಲ ಕೂಗು ಬರುವ ಹೊತ್ತಿಗೆ ಉರಿಯನ್ನು ಅತಿ ಸಣ್ಣಗೆ ಮಾಡಿದರೆ ಕುಕ್ಕರ್ ಮತ್ತೆ ಮತ್ತೆ ಕೂಗದೆ ಒತ್ತಡವನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ನೀರು ಅಲ್ಲಾಡುವುದಿಲ್ಲ, ಸ್ಟಾಕ್ ತಿಳಿಯಾಗಿ ಉಳಿಯುತ್ತದೆ. ಪ್ರತಿ ಕೂಗಿನಲ್ಲೂ ಒತ್ತಡ ತಟ್ಟನೆ ಇಳಿದು ಒಳಗೆ ಜೋರು ಕುದಿ ಏಳುತ್ತದೆ. ಒಲೆ ಆರಿಸಿದ ಮೇಲೆ ವೆಯ್ಟನ್ನು ಎತ್ತಿ ಆವಿ ಬಿಟ್ಟರೂ ಇದೇ ಆಗುವುದರಿಂದ, ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳವನ್ನು ಮುಟ್ಟುವುದಿಲ್ಲ.

ತರಕಾರಿಯಲ್ಲೂ ಉಳಿಕೆಗಳೇ ಸಾಕು. ಒಂದು ಈರುಳ್ಳಿಯನ್ನು ಸಿಪ್ಪೆಸಮೇತ ಎರಡು ಹೋಳು ಮಾಡಿ ಹಾಕಿದರೆ ಸಿಪ್ಪೆಯಿಂದ ಹೊಂಬಣ್ಣ ಬರುತ್ತದೆ. ಕ್ಯಾರೆಟಿನ ತುದಿ, ಜಜ್ಜಿದ ಶುಂಠಿ, ನಾಲ್ಕಾರು ಬೆಳ್ಳುಳ್ಳಿ ಎಸಳು, ಹತ್ತು ಹನ್ನೆರಡು ಕರಿಮೆಣಸಿನ ಕಾಳು ಸೇರುತ್ತವೆ. ಕೊತ್ತಂಬರಿಯ ಎಲೆ ಬಿಡಿಸಿದ ಮೇಲೆ ಉಳಿಯುವ ದಂಟು ಮತ್ತು ಚೆನ್ನಾಗಿ ತೊಳೆದ ಬೇರು ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯ. ಪಾತ್ರೆಯಲ್ಲಿ ಮಾಡುವಾಗ ಇವನ್ನು ಕೊನೆಯ ಒಂದು ಗಂಟೆಯಲ್ಲಿ ಹಾಕುತ್ತೇನೆ, ಏಕೆಂದರೆ ಮೂರು ಗಂಟೆ ಬೆಂದ ತರಕಾರಿಯಲ್ಲಿ ಘಮ ಉಳಿಯುವುದಿಲ್ಲ. ಎಲೆಕೋಸು, ಹೂಕೋಸು, ಮೂಲಂಗಿ ಬೇಡ; ಅವುಗಳ ವಾಸನೆ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಗರಂ ಮಸಾಲೆಯ ಚಕ್ಕೆ ಲವಂಗಗಳನ್ನೂ ಹಾಕುವುದಿಲ್ಲ. ಇಂದು ಪಲಾವಿಗೆ ಬಳಸಿದ ಸ್ಟಾಕನ್ನೇ ನಾಳೆ ಮಗುವಿನ ಸೂಪಿಗೂ ಬಳಸಬೇಕಾದರೆ ಅದು ಯಾವ ಕಡೆಗೂ ವಾಲಿರಬಾರದು. ಅದೇ ಕಾರಣಕ್ಕೆ ಉಪ್ಪನ್ನೂ ಹಾಕುವುದಿಲ್ಲ. ಸ್ಟಾಕನ್ನು ಇನ್ನಷ್ಟು ಕುದಿಸಿ ಅರ್ಧಕ್ಕೆ ಇಳಿಸಿದಾಗ ಉಪ್ಪು ಇಮ್ಮಡಿ ಗಾಢವಾಗುತ್ತದೆ, ಅದನ್ನು ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.

ಸೋಸುವಾಗ ಮೊದಲು ಜಾಲರಿ, ನಂತರ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ. ಮೂಳೆಗಳನ್ನು ಒತ್ತಿ ಹಿಂಡಬಾರದು. ಬೆಂದ ಕೋಳಿಮೂಳೆಯನ್ನು ಬೀದಿನಾಯಿಗೆ ಹಾಕುವ ಅಭ್ಯಾಸ ಅನೇಕರಿಗಿದೆ. ಅದು ಚೂಪಾಗಿ ಸೀಳಿ ನಾಯಿಯ ಗಂಟಲಿಗೋ ಕರುಳಿಗೋ ಚುಚ್ಚಬಹುದಾದ್ದರಿಂದ ಹಸಿ ಕಸಕ್ಕೆ ಕೊಡುವುದೇ ಸರಿ.

ಸೋಸಿದ ಸ್ಟಾಕನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದು ನಮ್ಮ ಹವೆಯಲ್ಲಿ ಅಪಾಯ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯದೆ ಉಳಿದು, ಉಗುರುಬೆಚ್ಚಗಾದಾಗ ಮೊಳೆತು ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಬಿಟ್ಟ ವಿಷ ಮರುದಿನ ಮತ್ತೆ ಕುದಿಸಿದರೂ ಹೋಗದು. ಎರಡು ಗಂಟೆಯೊಳಗೆ 21 ಡಿಗ್ರಿಗೆ, ಅಲ್ಲಿಂದ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕೆಂಬುದು ಆಹಾರ ಸುರಕ್ಷತೆಯಲ್ಲಿ ಬಳಕೆಯಲ್ಲಿರುವ ಅಳತೆ. ಏಪ್ರಿಲ್ ತಿಂಗಳಲ್ಲಿ ಅಡುಗೆಮನೆಯೇ 30 ಡಿಗ್ರಿ ದಾಟಿರುವಾಗ ಸ್ಟಾಕ್ ತಾನಾಗಿ 21ಕ್ಕೆ ಇಳಿಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಸ್ಟೀಲ್ ಪಾತ್ರೆಯನ್ನು ಐಸ್ ತುಂಡು ಹಾಕಿದ ನೀರಿನ ಬೋಗುಣಿಯಲ್ಲಿಟ್ಟು, ಆಗಾಗ ಕೈಯಾಡಿಸಿ, ತಣಿದ ಕೂಡಲೇ ಫ್ರಿಜ್ಜಿಗೆ ಸೇರಿಸುತ್ತೇನೆ.

ಮರುದಿನ ಮುಚ್ಚಳ ತೆಗೆದಾಗ ಕೊಬ್ಬು ಬೆಣ್ಣೆಯ ಬಣ್ಣದ ತೆಳು ಹಾಳೆಯಾಗಿ ಮೇಲೆ ಗಟ್ಟಿಯಾಗಿರುತ್ತದೆ. ಚಮಚದ ಅಂಚಿನಿಂದ ಎಬ್ಬಿಸಿದರೆ ದೊಡ್ಡ ದೊಡ್ಡ ಚೂರುಗಳಾಗಿ ಬರುತ್ತದೆ. ಅದರ ಕೆಳಗೆ, ಪಾತ್ರೆಯನ್ನು ಓರೆ ಮಾಡಿದರೂ ಚೆಲ್ಲದೆ ಅಲುಗಾಡುವ ಜೆಲ್ಲಿ ಇರಬೇಕು. ನೀರಾಗಿಯೇ ಉಳಿದಿದ್ದರೆ ಮೂಳೆಗೆ ನೀರು ಹೆಚ್ಚಾಗಿದೆ, ಇಲ್ಲವೇ ಬೆಂದದ್ದು ಸಾಲದಾಗಿದೆ ಎಂದರ್ಥ; ಮತ್ತೆ ಒಲೆಯ ಮೇಲಿಟ್ಟು ಸ್ವಲ್ಪ ಇಳಿಸಿದರೆ ಆಯಿತು. ಫ್ರಿಜ್ಜಿನಲ್ಲಿ ಇದನ್ನು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಉಳಿದುದನ್ನು ಐಸ್ ಟ್ರೇಗೆ ಸುರಿದು ಘನವಾದ ಮೇಲೆ ಚೀಲಕ್ಕೆ ಹಾಕಿ, ದಿನಾಂಕ ಬರೆದು, ಎರಡು ಮೂರು ತಿಂಗಳಲ್ಲಿ ಮುಗಿಸುತ್ತೇನೆ.

ಬೇಳೆ, ಸೊಪ್ಪು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ಅಡುಗೆಯಲ್ಲಿ ಇದಕ್ಕೆ ಜಾಗ ಹುಡುಕಬೇಕಾಗಿಲ್ಲ. ಮುದ್ದೆಗೆ ಮಾಡುವ ಕೋಳಿಸಾರಿನಲ್ಲಿ ನೀರಿಗೆ ಬದಲಾಗಿ ಸ್ಟಾಕ್ ಹಾಕಿದರೆ ಕಾಯಿಯನ್ನು ಅರ್ಧಕ್ಕೆ ಇಳಿಸಿದರೂ ಸಾರು ತೆಳ್ಳಗೆ ಅನ್ನಿಸುವುದಿಲ್ಲ, ಮುದ್ದೆಗೆ ಚೆನ್ನಾಗಿ ಹಿಡಿಯುತ್ತದೆ. ಜೀರಾ ಸಾಂಬಾ ಅಕ್ಕಿಯ ಪಲಾವಿಗೆ ನೀರಿನ ಅಳತೆಯಲ್ಲಿ ಅರ್ಧ ಭಾಗ ಸ್ಟಾಕ್ ಸಾಕು. ಪೂರ್ತಿ ಸ್ಟಾಕ್ ಹಾಕಿದರೆ ಅನ್ನ ಅಂಟಂಟಾಗುತ್ತದೆ. ಮೇಲಿನಿಂದ ತೆಗೆದ ಕೊಬ್ಬನ್ನು ಪುಟ್ಟ ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟು, ಆ ಪಲಾವಿಗೆ ಈರುಳ್ಳಿ ಬಾಡಿಸುವಾಗ ಎಣ್ಣೆಯ ಜೊತೆ ಒಂದು ಚಮಚ ಬಳಸುತ್ತೇನೆ.