ಶಕ್ತಿ ಮಾತ್ರೆ ಕೊಡುವ ಮೊದಲು ಕೇಳಬೇಕಾದದ್ದು

‘ಯಾಕೋ ಸುಸ್ತು ಮಾರಾಯ್ರೆ, ಒಂದು ಶಕ್ತಿ ಮಾತ್ರೆ ಕೊಡಿ.’ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಮೆಡಿಕಲ್ ಶಾಪಿನವರಿಗೆ ಈ ಮಾತು ಹೊಸದಲ್ಲ. ಒಂದು ಸ್ಟ್ರಿಪ್ ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸುವುದು ಸುಲಭ. ಆದರೆ ದೊಡ್ಡ ಡಾಕ್ಟರನ್ನು ಕಾಣಲು ಬಸ್ ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆವರೆಗೆ ಹೋಗಬೇಕಾದ ಊರುಗಳಲ್ಲಿ ಜನ ಮೊದಲು ಕಷ್ಟ ಹೇಳಿಕೊಳ್ಳುವುದು ಔಷಧಿ ಅಂಗಡಿಯಲ್ಲೇ ಅಲ್ವಾ? ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕೆಲಸ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೂ ಹೇಳುತ್ತವೆ. ರೋಗ ಇಂಥದ್ದೇ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ಕೇಳುವುದು, ಗಮನಿಸುವುದು, ಸರಿಯಾದ ಕಡೆಗೆ ಕಳಿಸುವುದು ನಿಮ್ಮದು.

ಮೊದಲು: ಜ್ವರ ಇದೆಯಾ?

ಸುಸ್ತೆಲ್ಲ ವಿಟಮಿನ್ ಕೊರತೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಕಾಡುತ್ತದೆ. ಆ ತಿಂಗಳುಗಳಲ್ಲಿ ಸೌದೆಗೋ ತರಗೆಲೆಗೋ ಕಾಡಿಗೆ ಹೋಗಿಬಂದವರು ಜ್ವರ, ತಲೆನೋವು, ಸುಸ್ತು ಎಂದರೆ ಟಾನಿಕ್ ಕೊಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ತೂಕ ಇಳಿಯುತ್ತಿದ್ದರೆ, ನಡೆದರೆ ಏದುಸಿರು ಬರುತ್ತಿದ್ದರೆ, ಆಗಲೂ ಡಾಕ್ಟರೇ ನೋಡಬೇಕು.

ಆಮೇಲೆ: ಬೇರೆ ಯಾವ ಮಾತ್ರೆ ನಡೀತಿದೆ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ದೊಡ್ಡ ಪ್ರಶ್ನೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಗ್ಯಾಸ್ಟ್ರಿಕ್‌ಗೆ ದಿನಾ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನುಂಗುವವರಲ್ಲೂ ಅಷ್ಟೇ. ಎರಡನ್ನೂ ತಗೊಳ್ಳುವ ಸಸ್ಯಾಹಾರಿಯಾದರೆ ಅನುಮಾನ ಇನ್ನೂ ಜಾಸ್ತಿ. ಕಾಲು ಜೋಮು, ಪಾದ ಉರಿ ಎಂದರೆ ‘ಸಕ್ಕರೆಯಿಂದ ಹಾಗೇ’ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಬಿ12 ಕೊರತೆಯಲ್ಲೂ ಹೀಗೇ ಆಗುತ್ತದೆ. ತಡವಾದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗದಿರಬಹುದು. ಅದಕ್ಕೇ ಈ ಮಾತ್ರೆಗಳ ಚೀಟಿ ಹಿಡಿದು ಬಂದವರನ್ನು ನೀವಾಗಿಯೇ ವಿಚಾರಿಸಿ. ರಕ್ತಪರೀಕ್ಷೆ ಬಿ12 ಮಾತ್ರೆ ಶುರುಮಾಡುವ ಮೊದಲೇ ಆಗಲಿ. ಮಾತ್ರೆ ನುಂಗಿದ ಮೇಲೆ ಫಲಿತಾಂಶ ನಂಬುವುದು ಕಷ್ಟ. ಬರೀ ಫೋಲಿಕ್ ಆ್ಯಸಿಡ್ ಕೊಟ್ಟು ಕೂರಬೇಡಿ. ಅದರಿಂದ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ಒಳಗೆ ನರಕ್ಕೆ ಪೆಟ್ಟು ಬೀಳುತ್ತಲೇ ಇರಬಹುದು.

ಟಿಬಿಗೆ ಐಸೋನಿಯಾಜಿಡ್ ತಗೊಳ್ಳುವವರಿಗೆ ಬಿ6, ಫಿಟ್ಸ್‌ಗೆ ಫೆನಿಟೋಯಿನ್ ತಗೊಳ್ಳುವವರಿಗೆ ವಿಟಮಿನ್ ಡಿ ಮತ್ತು ಫೋಲೇಟ್ (ಫೋಲಿಕ್ ಆ್ಯಸಿಡ್) ಕಡಿಮೆಯಾಗಬಹುದು. ಹಾಗಂತ ಮೂಲ ಔಷಧಿಯನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಇದನ್ನು ಬಾಯಿಬಿಟ್ಟು ಹೇಳಿ.

60,000 ಯೂನಿಟ್: ವಾರಕ್ಕೊಂದೇ

ದೊಡ್ಡವರಿಗೆ ದಿನಕ್ಕೆ ಬೇಕಾದ ವಿಟಮಿನ್ ಡಿ ಸುಮಾರು 600 ಯೂನಿಟ್. 60,000ದ ಒಂದು ಕ್ಯಾಪ್ಸೂಲ್ ಎಂದರೆ ನೂರು ದಿನದ ಪಾಲು! ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದು ತಿಳಿದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು. ‘ವಾರಕ್ಕೊಂದು’ ಎಂದಷ್ಟೇ ಹೇಳಿದರೆ ಸಾಲದು. ‘ಪ್ರತಿ ಸಂತೆ ದಿನ ಒಂದು, ಊಟ ಆದಮೇಲೆ’ ಎಂದು ಕವರ್ ಮೇಲೆ ಬರೆದುಕೊಡಿ. ಸಂತೆ ದಿನ ಯಾರೂ ಮರೆಯುವುದಿಲ್ಲ. ಕೊಬ್ಬಿನಂಶ ಇರುವ ಊಟದ ಜೊತೆ ಇದು ಚೆನ್ನಾಗಿ ಹೀರಲ್ಪಡುತ್ತದೆ. ಕೋರ್ಸ್ ಮುಗಿದ ಮೇಲೆ ಹಳೇ ಚೀಟಿಗೆ ಮತ್ತೆ ಕೊಡಬೇಡಿ. ಹಲವು ಕ್ಯಾಲ್ಸಿಯಂ ಮಾತ್ರೆಗಳಲ್ಲೂ ಡಿ3, ಅಂದರೆ ವಿಟಮಿನ್ ಡಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆ ಕಾಫಿ, ಚಹಾದ ಜೊತೆ ಬೇಡ, ನಿಂಬೆ ಪಾನಕ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ಗರ್ಭಿಣಿಯರಿಗೆ ವಿಟಮಿನ್ ಎ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡಲೇಬೇಡಿ.

ಊಟ, ಬಿಸಿಲು

ಸೊಪ್ಪು ತಿಂದರೆ ಬಿ12 ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಬರುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿದೆ. ಮೀನು ತಿನ್ನುವವರಿಗೆ ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆಯಲ್ಲಿ ಡಿ ಕೂಡ ಸಿಗುತ್ತದೆ. ನಮ್ಮ ಮಳೆಗಾಲದಲ್ಲಿ ಬಿಸಿಲೇ ಅಪರೂಪ, ಉಳಿದ ದಿನ ಅಡಿಕೆ ತೋಟದ ನೆರಳು. ಬಿಸಿಲು ಬಿದ್ದ ದಿನ ಬೆಳಿಗ್ಗೆ 11ರ ನಂತರ ಸ್ವಲ್ಪ ಹೊತ್ತು ಕೈಕಾಲಿಗೆ ತಾಗಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ.

ಮತ್ತೆ ಬಂದಾಗ

ದುಡ್ಡಿಗೆ ಹಿಂಜರಿಯುವವರಿಗೆ ಜನೌಷಧಿ ಕೇಂದ್ರದ ದಾರಿ ತೋರಿಸಿ. ಥಂಡಿಗೆ ಮಾತ್ರೆ ಮೆತ್ತಗಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಲು ಹೇಳಿ. ಕೋರ್ಸ್ ಮುಗಿದರೂ ಸುಸ್ತು ಹೋಗದೆ ಅದೇ ಟಾನಿಕ್ ಕೇಳಿಕೊಂಡು ಬಂದರೆ ಮತ್ತೊಂದು ಬಾಟಲಿ ಕೊಡಬೇಡಿ. ಅವರು ತಗೊಳ್ಳುವ ಮಾತ್ರೆಗಳ ಹೆಸರನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಅದರ ಜೊತೆ ಡಾಕ್ಟರ ಹತ್ತಿರ ಕಳಿಸಿ.