ವಿಡಿಯೊ ಕರೆಯಲ್ಲಿ ರೋಗಿಯನ್ನು ಡಾಕ್ಟರಿಗೆ ತೋರಿಸುವ ಬಗೆ

ನಾನು ಹಳ್ಳಿಯ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್, ಅಂದರೆ ಫೋನ್, ವಿಡಿಯೊದಲ್ಲಿ ದೂರದಿಂದಲೇ ರೋಗಿಯನ್ನು ನೋಡುವುದರ ನಿಯಮ ಹೊರಡಿಸಿತು. ಏಪ್ರಿಲ್ 13ಕ್ಕೆ ವಿಡಿಯೊ ಕರೆಯಲ್ಲಿ ಡಾಕ್ಟರನ್ನು ಕಾಣುವ ಸರ್ಕಾರಿ ಸೇವೆ ಇ-ಸಂಜೀವಿನಿ ಒಪಿಡಿ ಶುರುವಾಯಿತು. ಲಾಗಿನ್, ಟೋಕನ್, ಬಟನ್ ಎಲ್ಲ ಬೇಗ ಕೈಗೆ ಹತ್ತುತ್ತವೆ. ಕಷ್ಟ ಇರುವುದು ಬೇರೆ ಕಡೆ: ಡಾಕ್ಟರ್ ಮುಟ್ಟಿ ನೋಡಲಾರರು, ಅವರ ಬದಲು ನಾವು ನೋಡಿ ಹೇಳಬೇಕು. ಹೊಸ ಸಿಎಚ್‌ಒಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕರೆ ಹಾಕುವ ಮೊದಲೇ ಬಿಪಿ, ಜ್ವರ, ಆಕ್ಸಿಜನ್, ಸಕ್ಕರೆ ಎಲ್ಲ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲೈನಿನಲ್ಲಿ ಡಾಕ್ಟರನ್ನು ಕಾಯಿಸಿ ಬಿಪಿ ಪಟ್ಟಿ ಸುತ್ತುವಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಮನೆಯಲ್ಲಿ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ತರಲು ಆಶಾ ಕಾರ್ಯಕರ್ತೆಯಿಂದ ಹಿಂದಿನ ದಿನವೇ ಹೇಳಿಸಿ. ‘ಬಿಳಿ ಮಾತ್ರೆ’ ಎಂದರೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ, ಅಲ್ವಾ?

ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ (ಪಲ್ಸ್ ಆಕ್ಸಿಮೀಟರ್) ಆಕ್ಸಿಜನ್ ನೋಡುವಾಗ ಅವಸರ ಬೇಡ. ಉಗುರು ಬಣ್ಣ ಒರೆಸಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಅಂಕಿ ಕುಣಿಯುವುದು ನಿಂತ ಮೇಲೆ ಬರೆದುಕೊಳ್ಳಿ. ಮೈಬಣ್ಣ ಕಪ್ಪಿದ್ದವರಲ್ಲಿ ಈ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮಲ್ಲಿ ಹೆಚ್ಚಿನವರ ಬಣ್ಣ ಅದೇ. ಹಾಗಾಗಿ ಅಂಕಿಯೊಂದನ್ನೇ ನಂಬಬೇಡಿ, ಉಸಿರು ಎಣಿಸಿ, ಅದೂ ಪೂರ್ತಿ ಒಂದು ನಿಮಿಷ. ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಕೈ ಹಿಡಿದು ಎದೆಯ ಏರಿಳಿತ ನೋಡಿ. ದೊಡ್ಡವರಲ್ಲಿ ನಿಮಿಷಕ್ಕೆ 24 ದಾಟಿದರೆ, ಆಕ್ಸಿಜನ್ 94ಕ್ಕಿಂತ ಕೆಳಗೇ ಉಳಿದರೆ, ಇಲ್ಲವೇ ಮಾತಾಡುವಾಗ ಏದುಸಿರು ಬಂದರೆ, ಇದರಲ್ಲಿ ಒಂದೇ ಇದ್ದರೂ ಟೋಕನ್ನಿಗಾಗಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ರೋಗಿಯನ್ನು ಕಿಟಕಿಗೆ ಎದುರಾಗಿ ಕೂರಿಸಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ ಡಬ್ಬಿಗೋ ಪುಸ್ತಕಕ್ಕೋ ಒರಗಿಸಿ. ಗಾಯ, ಗುಳ್ಳೆ ಇದ್ದರೆ ಫೋಟೊ ಕಳಿಸಿ, ವಿಡಿಯೊಗಿಂತ ಸ್ಪಷ್ಟ.

ಕೇಳಿಸುವುದೇ ದೊಡ್ಡ ತೊಡಕು. ಮಾಸ್ಕ್ ಹಾಕಿಕೊಂಡ ಅಜ್ಜಿಯ ಮಾತು ಅತ್ತ ಕೇಳಿಸುವುದಿಲ್ಲ, ಡಾಕ್ಟರ ತುಟಿ ಇತ್ತ ಕಾಣುವುದಿಲ್ಲ. ಮಾಸ್ಕ್ ತೆಗೆಸಬೇಡಿ. ಅವರ ಮಾತನ್ನು ನೀವು ಹೇಳಿ, ಆದರೆ ಅವರ ಪದಗಳಲ್ಲೇ ಹೇಳಿ. ‘ಎದೆ ಉರಿ’ ಅಂದದ್ದನ್ನು ನೀವೇ ‘ಗ್ಯಾಸ್ಟ್ರಿಕ್’ ಮಾಡಿದರೆ ಹೃದಯದ ನೋವೊಂದು ತಪ್ಪಿಹೋಗಬಹುದು.

ಕರೆ ನಾವು ಹಾಕುತ್ತಿದ್ದರೆ ರೋಗಿಯ ಒಪ್ಪಿಗೆ ಬಾಯಿಬಿಟ್ಟು ಕೇಳಲೇಬೇಕು, ನಿಯಮವೂ ಅದನ್ನೇ ಹೇಳುತ್ತದೆ. ಬಾಗಿಲು ಹಾಕಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಸೊಸೆ ಬಿಳಿ ಸೆರಗಿನ ಬಗ್ಗೆ ಅತ್ತೆಯ ಮುಂದೆ ಬಾಯಿ ಬಿಡುವುದಿಲ್ಲ.

ಇನ್ನೊಂದು ಮಾತು. ಟೈಪ್ ಮಾಡುತ್ತಾ ಪರದೆಯನ್ನೇ ನೋಡುತ್ತಿದ್ದರೆ, ‘ಸಿಸ್ಟರ್ ಮೊಬೈಲ್ ನೋಡ್ತಾ ಕೂತಿದ್ದಾರೆ’ ಅಂದುಕೊಳ್ಳುತ್ತಾರೆ. ‘ನೀವು ಹೇಳಿದ್ದನ್ನೇ ಡಾಕ್ಟರಿಗೆ ಬರೀತಿದೀನಿ ಅಜ್ಜಿ’ ಅಂತ ಹೇಳಿಬಿಡಿ.

ಕರೆ ಮುಗಿದ ಮೇಲೆ ಚೀಟಿ ಕೊಟ್ಟು ಸುಮ್ನೆ ಕಳಿಸಬೇಡಿ. ಯಾವ ಮಾತ್ರೆ ಯಾವಾಗ, ಏನಾದರೆ ಓಡಿ ಬರಬೇಕು ಎಂದು ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ಎರಡು ದಿನ ಬಿಟ್ಟು ಆಶಾ ಹೋಗಿ ನೋಡುವ ಹಾಗೆ ಹೆಸರು ಬರೆದು ಕೊಡಿ.